‘ನನ್ನ ಪಾತ್ರದ ಸ್ವಭಾವವೇ ಹಾಗೆ’

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಭಾನುವಾರಗಳಂದು ಬಸವನಗುಡಿಯ ಮನೆಯೊಂದರಲ್ಲಿ ಸೇರಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ, ಸಾಹಸಗಳ ಫಲವನ್ನು ದಾಳ ಉರುಳಿಸಿ ತಿಳಿಯುವ ಆಟವಿದು. ಆಟ ನಡೆಸುವ ಡಂಜನ್ ಮಾಸ್ಟರ್ ನಾನೇ. ಕಳ್ಳನ ಪಾತ್ರದ ಗೆಳೆಯ ಜೊತೆಗಾರರ ಚೀಲಕ್ಕೇ ಕೈ ಹಾಕುತ್ತಾನೆ. ಆಶ್ರಯ ಕೊಟ್ಟ ಛತ್ರದ ಮುದುಕನನ್ನೂ ದೋಚಿದ. ಕೇಳಿದರೆ ‘ನಾನೇನು ಮಾಡಲಿ, ನನ್ನ ಪಾತ್ರದ ಸ್ವಭಾವವೇ ಹಾಗೆ’ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಒಬ್ಬ ಗೆಳತಿ ಮಾತ್ರ ಈಚೆಗೆ ಸುಮ್ಮನಿರುತ್ತಾಳೆ. ತಡೆದರೆ ಆಟದ ತಮಾಷೆ ಕೆಡುವುದಿಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೆಡುವುದಿಲ್ಲ. ಆ ಪಾತ್ರದ ಸ್ವಭಾವವನ್ನು ರೂಪಿಸಿದವನು ನಿಮ್ಮ ಗೆಳೆಯನೇ ಆದ್ದರಿಂದ, ಅದರ ಹೊಣೆಯೂ ಅವನದೇ. 1974ರಲ್ಲಿ ಈ ಆಟ ಪ್ರಕಟವಾದಾಗ ಪಾತ್ರಗಳ ನಿಲುವನ್ನು ಸೂಚಿಸಲು ಮೂರೇ ವಿಭಾಗಗಳಿದ್ದವು. 1978ರ ಕೈಪಿಡಿಯ ಹೊತ್ತಿಗೆ ಅವು ಒಂಬತ್ತಾದವು. ಅವುಗಳಲ್ಲಿ ‘ಕೆಯಾಟಿಕ್ ನ್ಯೂಟ್ರಲ್’, ಅಂದರೆ ಒಳಿತು ಕೆಡುಕುಗಳತ್ತ ವಾಲದೆ ಮನಸ್ಸು ಬಂದಂತೆ ನಡೆಯುವ ನಿಲುವು, ಇಂಥ ಆಟಗಾರರಿಗೆ ಬಲು ಅಚ್ಚುಮೆಚ್ಚು. ಆದರೆ ಮನಸ್ಸು ಬಂದಂತೆ ನಡೆಯುವವನು ಪ್ರಾಣಕ್ಕೆ ಆಸರೆಯಾದ ಸಂಗಡಿಗರನ್ನೇ ದೋಚಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಸಮರ್ಥನೆಯಲ್ಲಿಯೇ ದೊಡ್ಡ ಸೊಗಸಿದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ತಾಳಮದ್ದಳೆಯ ಕೃಷ್ಣಸಂಧಾನದಲ್ಲಿ ಕೌರವನ ಅರ್ಥಧಾರಿ, ಪಾಂಡವರಿಗೆ ಐದು ಊರುಗಳನ್ನೂ ಕೊಡಲೊಲ್ಲದ ಹಟಕ್ಕೆ ಎಂಥೆಂಥ ನ್ಯಾಯಗಳನ್ನು ಹುಡುಕುತ್ತಾನೆಂದರೆ ಸಭೆ ನಕ್ಕು ತಲೆದೂಗುತ್ತದೆ. ಆದರೆ ಎದುರು ಕುಳಿತ ಕೃಷ್ಣನಿಗೂ ಮಾತಿನ ಅವಕಾಶವಿರುತ್ತದೆ, ಸವಾಲಿಗೆ ಜವಾಬು ಬರುತ್ತದೆ. ನಿಮ್ಮ ಗೆಳೆಯನ ವಾಕ್ಯ ಆ ಜವಾಬಿಗೇ ಎಡೆ ಕೊಡುವುದಿಲ್ಲ. ಅವನು ಇಪ್ಪತ್ತು ಮುಖದ ದಾಳ ಉರುಳಿಸಿ ‘ಹದಿನೆಂಟು’ ಎಂದು ಕೂಗುವಷ್ಟರಲ್ಲಿ ಸುಮ್ಮನಿರುವ ಆ ಗೆಳತಿಯ ಚೀಲ ಬರಿದಾಗಿರುತ್ತದೆ, ಮೇಜಿನ ಸುತ್ತ ನಗು ಎದ್ದಿರುತ್ತದೆ, ಆಕೆ ಬಾಯಿ ತೆರೆದರೆ ರಸಭಂಗ ಮಾಡಿದವಳೆನಿಸಿಕೊಳ್ಳುತ್ತಾಳೆ.

1984ರಲ್ಲಿ ಬಂದ ‘ಪ್ಯಾರನಾಯ’ ಎಂಬ ಆಟದಲ್ಲಿ ಜೊತೆಗಾರನಿಗೆ ದ್ರೋಹ ಬಗೆಯುವುದೇ ಮೋಜು. ಅಲ್ಲಿ ಪ್ರತಿ ಪಾತ್ರಕ್ಕೂ ಬದಲಿ ತದ್ರೂಪಿಗಳಿರುವುದರಿಂದ ಸಾವೂ ಹಗುರ, ಮತ್ತು ಎಲ್ಲರೂ ಅದನ್ನು ತಿಳಿದೇ ಕುಳಿತಿರುತ್ತಾರೆ. ನಿಮ್ಮ ಗುಂಪಿನಲ್ಲಿ ಅಂಥ ಒಪ್ಪಂದ ಆಗಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿ: ಒಬ್ಬರ ಪಾತ್ರ ಇನ್ನೊಬ್ಬರ ಪಾತ್ರಕ್ಕೆ ಕೈ ಹಾಕಿದಾಗ ಫಲವನ್ನು ದಾಳ ನಿರ್ಧರಿಸುವುದು ಬೇಡ, ಕಳೆದುಕೊಳ್ಳುವವರೇ ನಿರ್ಧರಿಸಲಿ. ಆಕೆ ‘ಚೀಲದಲ್ಲಿ ಇಲಿಬೋನು ಇಟ್ಟಿದ್ದೆ’ ಎಂದರೆ ನಗುವೂ ಉಳಿಯುತ್ತದೆ, ಆಕೆಯ ಮಾತೂ ನಡೆಯುತ್ತದೆ.

ಮುದುಕನ ವಿಷಯ ಬೇರೆ. ಅವನ ಪಾತ್ರವನ್ನು ಆಡಿಸುವವರು ಡಂಜನ್ ಮಾಸ್ಟರ್ ಆದ ನೀವೇ, ಅವನ ಪರವಾಗಿ ಮಾತನಾಡಬೇಕಾದವರೂ ನೀವು. ಸುದ್ದಿ ಮುಂದಿನ ಊರಿಗೆ ಮೊದಲೇ ತಲುಪಲಿ, ಕಳ್ಳನಿಗೆ ದನದ ಕೊಟ್ಟಿಗೆಯಲ್ಲಿ ಮಲಗುವ ಪಾಡು ಬರಲಿ. ಆದರೆ ಗೆಳೆಯನ ಮೇಲಿನ ಸಿಟ್ಟನ್ನು ಅವನ ಪಾತ್ರದ ಮೇಲೆ ತೀರಿಸಿಕೊಳ್ಳಬೇಡಿ. ಆ ಮಾತು ಆಟದ ಹೊರಗೆ, ಕಾಫಿ ಕುಡಿಯುತ್ತ, ನೇರವಾಗಿ ಆಗಬೇಕು. ಅದಕ್ಕೂ ಮೊದಲು ಆ ಗೆಳತಿಯನ್ನು ಪ್ರತ್ಯೇಕವಾಗಿ ವಿಚಾರಿಸಿ. ಅನೇಕ ಗುಂಪುಗಳು ಮೇಜಿನ ನಡುವೆ ‘ಎಕ್ಸ್’ ಬರೆದ ಕಾರ್ಡೊಂದನ್ನು ಇಡುತ್ತವೆ. ಯಾರು ಅದನ್ನು ಮುಟ್ಟಿದರೂ, ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡಲಾಗುತ್ತದೆ.

ಗೆಳೆಯನಿಗೂ ಒಂದು ಕೆಲಸ ಕೊಡಿ: ಈ ಕಳ್ಳ ಉಳಿದ ನಾಲ್ವರನ್ನು ಬಿಟ್ಟು ಹೋಗದಿರುವುದೇಕೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ತರಲಿ. ಮುಂದಿನ ಭಾನುವಾರದ ಆಟವನ್ನು ಅಲ್ಲಿಂದಲೇ ಆರಂಭಿಸಬಹುದು.