ತುತ್ತು, ಮಾತು ಮತ್ತು ಮೊಬೈಲ್

ಪತ್ರ: "ಮಗನಿಗೆ ಎರಡು ವರ್ಷ ಮೂರು ತಿಂಗಳು. ಮೊಬೈಲ್ ತೋರಿಸದಿದ್ದರೆ ಒಂದು ತುತ್ತೂ ಇಳಿಯುವುದಿಲ್ಲ. ಜಾಹೀರಾತು ಬಂದರೆ ತಾನೇ ಬೆರಳಲ್ಲಿ ಸರಿಸುತ್ತಾನೆ, ಎ-ಯಿಂದ ಜೆಡ್‌ವರೆಗೆ ಒಪ್ಪಿಸುತ್ತಾನೆ. ನೀರು ಬೇಕಾದರೆ ಮಾತ್ರ ನನ್ನ ಕೈ ಹಿಡಿದು ಎಳೆಯುತ್ತಾನೆ. ಗಂಡುಮಕ್ಕಳಿಗೆ ಮಾತು ತಡ ಎನ್ನುತ್ತಾರೆ ಅತ್ತೆ. ಮೊಬೈಲ್ ಒಮ್ಮೆಲೇ ನಿಲ್ಲಿಸಿದರೆ ತೊಂದರೆಯಾದೀತೇ?" – ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ:

ನಿಮ್ಮ ಪ್ರಶ್ನೆಗೆ ಬರುವ ಮೊದಲು ಆ ನೀರಿನ ವಿಷಯ ಹೇಳಲೇಬೇಕು. ಎ-ಬಿ-ಸಿ ಒಪ್ಪಿಸುವುದು ಕೇಳಿದ್ದನ್ನು ಮರಳಿ ನುಡಿಯುವುದಷ್ಟೇ. "ನೀರು ಕೊಡು" ಎಂದು ಕೇಳುವುದೇ ಮಾತು. ಎರಡು ತುಂಬುವ ಹೊತ್ತಿಗೆ "ಅಮ್ಮ ಬಾ", "ಹಾಲು ಬೇಡ" ಎಂದು ಎರಡು ಪದ ಜೋಡಿಸಲು ಬರಬೇಕು. ಬಂದಿಲ್ಲವೆಂದರೆ ಗಂಡು-ಹೆಣ್ಣು ಎನ್ನದೆ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಹಾಡಿಗೆ ಕುಣಿಯುವ ಮಗುವಿಗೂ ಅಲ್ಪಸ್ವಲ್ಪ ಶ್ರವಣದೋಷ ಇರಬಹುದು. ಹೆಸರು ಕೂಗಿದರೆ ತಿರುಗುತ್ತಾನೆಯೇ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನೆಯೇ ಎಂದು ಗಮನಿಸಿ ಹೇಳಿ. ಕೈ ಹಿಡಿದು ಎಳೆಯುವುದನ್ನೂ ಮರೆಯದೆ ಹೇಳಿ. ಆಟಿಸಂ, ಅಂದರೆ ಮಾತು ಮತ್ತು ಒಡನಾಟ ಬೇರೆ ರೀತಿ ಬೆಳೆಯುವ ಸ್ಥಿತಿ, ಇದೆಯೇ ಎಂದು ಪರೀಕ್ಷಿಸುವಾಗ ವೈದ್ಯರು ಕೇಳುವುದು ಇವನ್ನೇ. ಮೊಬೈಲ್ ಬಿಡಿಸಿದರೆ ಮಾತು ತಾನಾಗಿ ಬರುತ್ತದೆಂದು ಆರು ತಿಂಗಳು ಕಾಯಬೇಡಿ. ಆ ಆರು ತಿಂಗಳು ಈ ವಯಸ್ಸಿನಲ್ಲಿ ಬಹಳ ದೊಡ್ಡದು.

ಹಾಗೆಂದು ಮೊಬೈಲಿನ ಪಾಲು ಸಣ್ಣದಲ್ಲ. 2003ರಲ್ಲಿ ಅಮೆರಿಕದಲ್ಲಿ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ನೋಡಿದವು ಕಲಿಯಲಿಲ್ಲ. ಮಗು "ಬೂ" ಎಂದರೆ ನೀವು "ಹೂ ಬೇಕಾ?" ಎನ್ನುತ್ತೀರಿ, ವಿಡಿಯೊ ಹಾಗೆ ತಿರುಗಿ ಕೇಳುವುದಿಲ್ಲ. ದೂರದ ಅಜ್ಜಿಯ ಜೊತೆಗಿನ ವಿಡಿಯೊ ಕಾಲ್ ಅಡ್ಡಿಯಿಲ್ಲ ಎನ್ನುವುದು ಇದಕ್ಕೇ, ಅಜ್ಜಿ ಉತ್ತರ ಕೊಡುತ್ತಾರೆ. ಎರಡರಿಂದ ಐದು ವರ್ಷದವರು ಪರದೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ.

ಬೆರಳು ಚುರುಕಾಗಿದೆ ಎಂದು ಹಿಗ್ಗಬೇಡಿ. ಗಾಜಿನ ಮೇಲೆ ಸರಿಸಲು ಒತ್ತಡವೇ ಬೇಡ. ಬಳಪ ಹಿಡಿಯುವ ಶಕ್ತಿ ಹಿಸುಕಿ, ಹರಿದು, ತಿರುಚಿ ಬರುವಂಥದ್ದು. ಸೊಪ್ಪು ಬಿಡಿಸುವಾಗ ನಾಲ್ಕು ದಂಟು ಅವನ ಮುಂದಿಡಿ, ಚಪಾತಿ ಹಿಟ್ಟಿನ ಒಂದು ಉಂಡೆ ಕೊಡಿ. ಕಾಳು ಮಾತ್ರ ಬೇಡ, ಮೂಗಿಗೋ ಗಂಟಲಿಗೋ ಹೋದೀತು.

ಈಗ ಊಟ. ಒಮ್ಮೆಲೇ ನಿಲ್ಲಿಸಿ, ಮೂರೂ ಹೊತ್ತು ಒಂದೇ ದಿನದಿಂದ. ಬೆಳಿಗ್ಗೆ ಇಲ್ಲ, ರಾತ್ರಿ ಉಂಟು ಎಂದರೆ ಮಗುವಿಗೆ ಅರ್ಥವಾಗದು. ಇದರಿಂದ ಅವನಿಗೆ ಅಪಾಯವಿಲ್ಲ, ರಂಪ ಮಾತ್ರ ಖಂಡಿತ. ಮೊದಲ ಮೂರು-ನಾಲ್ಕು ದಿನ ಅಳು ಹೆಚ್ಚುತ್ತದೆ, ಊಟ ತಗ್ಗುತ್ತದೆ. ಅರ್ಧ ಗಂಟೆ ಅತ್ತ ಮೇಲೆ ಫೋನ್ ಕೊಟ್ಟರೆ ಅರ್ಧ ಗಂಟೆ ಅಳಬೇಕು ಎಂಬುದನ್ನು ನೀವೇ ಕಲಿಸಿದಂತೆ. ಅದಕ್ಕೇ ಅತ್ತೆಯವರನ್ನು ಮೊದಲು ಒಪ್ಪಿಸಿ. ಮನೆಯಲ್ಲಿ ಒಬ್ಬರು ಸೋತರೂ ಎಲ್ಲ ಮೊದಲಿಗೆ ಬರುತ್ತದೆ. ನಿಮ್ಮ ಫೋನೂ ಬೇರೆ ಕೋಣೆಯಲ್ಲಿರಲಿ.

ಊಟಕ್ಕೆ ಎರಡೂವರೆ ಗಂಟೆ ಮುಂಚಿನಿಂದ ಹಾಲು, ಬಿಸ್ಕತ್ತು ಕೊಡಬೇಡಿ. ದಿನದ ಹಾಲು ಅರ್ಧ ಲೀಟರ್ ದಾಟಿದರೆ ಹಸಿವೇ ಆಗದು, ಕಬ್ಬಿಣಾಂಶವೂ ಕೊರತೆಯಾದೀತು. ಎಲ್ಲರ ಜೊತೆ ಕೂರಿಸಿ, ತಟ್ಟೆಗೆ ಎರಡು ಚಮಚ ಅನ್ನ-ಸಾರು, ಇಡ್ಲಿಯ ಚೂರು, ಬೇಯಿಸಿದ ಕ್ಯಾರೆಟ್ ಹಾಕಿ, ಚೆಲ್ಲಿದರೂ ತಾನೇ ತಿನ್ನಲಿ. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ತುತ್ತು ಹಿಡಿದು ಹಿಂದೆ ಓಡಬೇಡಿ. ಪರದೆ ನೋಡುತ್ತಾ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಆ ಅರಿವು ಮರಳಬೇಕಾದರೆ ಸಾಕು ಎನ್ನುವ ಹಕ್ಕು ಅವನಿಗಿರಬೇಕು. ತೂಕ ಮೊದಲೇ ಕಡಿಮೆಯಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ನೀರನ್ನೂ ಕುಡಿಯದೆ ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರಲ್ಲಿಗೆ ಹೋಗುವಾಗ ಅವನು ಅರ್ಥವರಿತು ಆಡುವ ಪದಗಳನ್ನು ಪಟ್ಟಿ ಮಾಡಿ ಒಯ್ಯಿರಿ, ಎ-ಬಿ-ಸಿ ಸೇರಿಸಬೇಡಿ. ಮುಂದಿನ ತಪಾಸಣೆ ಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.