ನನ್ನ ಓಟು ರಿಡಿಕ್ ಬೋಗೆ

ಅಣ್ಣಾ, ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಗೆಳೆಯರ ಜೊತೆ ವಾದ ಆಯ್ತು, ಪ್ರತಿಭೆ ಇದ್ದೂ ಹಾಳು ಮಾಡಿಕೊಂಡ ಬಾಕ್ಸರ್ ಅಂದ್ರೆ ಮೈಕ್ ಟೈಸನ್ನೇ ಅಲ್ವಾ ಎಂದು ಕೇಳಿದ್ದೀರಿ. ನಾನು ಒಪ್ಪಲ್ಲ, ನನ್ನ ಪ್ರಕಾರ ಅದು ಅಮೆರಿಕದ ಹೆವಿವೇಟ್ ಬಾಕ್ಸರ್ ರಿಡಿಕ್ ಬೋ. 1986ರಲ್ಲಿ, 20ನೇ ವಯಸ್ಸಿಗೇ ಹೆವಿವೇಟ್ ಚಾಂಪಿಯನ್ ಆದವನು ಟೈಸನ್. ಆಮೇಲೆ ದಾರಿ ತಪ್ಪಿದ, ನಿಜ. ಆದರೂ ಗಳಿಸಿದ್ದು ಕಡಿಮೆ ಏನಲ್ಲ.

ಬೋ ಕಥೆ ಬೇರೆ. ಆರಡಿ ಐದಿಂಚು ಎತ್ತರ, ಉದ್ದ ಕೈ. ಅಂಥವನು ದೂರದಿಂದಲೇ ಹೊಡೆಯಬೇಕು. ಇವನು ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಹೊಡೆಯುವ ಏಟು) ಬಿಡುತ್ತಿದ್ದ! 1992ರ ನವೆಂಬರ್‌ನಲ್ಲಿ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿದ ಪಂದ್ಯದ 10ನೇ ಸುತ್ತು ನೋಡಿ. ಬೋ ಏಟಿಗೆ ಹೋಲಿಫೀಲ್ಡ್ ತತ್ತರಿಸುತ್ತಾನೆ, ಸುತ್ತು ಮುಗಿಯುವಷ್ಟರಲ್ಲಿ ಅವನೇ ತಿರುಗಿ ಬಡಿಯುತ್ತಿರುತ್ತಾನೆ.

ಮುಂದಿನ ತಿಂಗಳೇ ಬೋ ತನ್ನ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಚಾಂಪಿಯನ್ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಆ ಬೆಲ್ಟಿಗೆ ಸವಾಲು ಹಾಕಿದ್ದ ಬಾಕ್ಸರ್ ಲೆನಾಕ್ಸ್ ಲೂಯಿಸ್ ಜೊತೆ ಆಡಲಿಲ್ಲ. 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಇವನನ್ನು ಸೋಲಿಸಿದ್ದವನೇ ಆ ಲೂಯಿಸ್! 1993ರಲ್ಲಿ ಹೋಲಿಫೀಲ್ಡ್ ಎದುರು ಮತ್ತೆ ಇಳಿದಾಗ ಮೊದಲ ಪಂದ್ಯಕ್ಕಿಂತ ಸುಮಾರು 5 ಕೆಜಿ ಜಾಸ್ತಿ ಇದ್ದ. ಸೋತ. (ನಮ್ಮ ಕಡೆ ಹುಡುಗರೂ ಒಂದು ಪಂದ್ಯ ಗೆದ್ದ ಮೇಲೆ ತಹರಿ ಅನ್ನದ ಪ್ಲೇಟು ಬಿಡಲ್ಲ, ಇರಲಿ.) ಕೊನೆಗೆ ತರಬೇತುದಾರ ಎಡ್ಡಿ ಫಚ್ ಕೂಡ ಬೇಸತ್ತು ಬಿಟ್ಟು ಹೋದರು.

ಗೆಳೆಯರು ಬಸ್ಟರ್ ಡಗ್ಲಸ್ ಹೆಸರು ತೆಗೆದರೆ ಸುಮ್ನೆ ಒಪ್ಪಿಕೊಳ್ಳಿ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಟೈಸನ್‌ನನ್ನು ಕೆಡವಿದವನು, ಅಕ್ಟೋಬರ್‌ನಲ್ಲಿ ಮೈ ಬೆಳೆಸಿಕೊಂಡು ಬಂದು ಹೋಲಿಫೀಲ್ಡ್ ಎದುರು 3ನೇ ಸುತ್ತಿಗೇ ಮಲಗಿದ. ಆದರೆ ಬೋನಷ್ಟು ಕೈಚಳಕ ಅವನಲ್ಲಿತ್ತು ಅಂತ ನನಗಂತೂ ಅನಿಸಲ್ಲ.