ಮಗಳಿಗೆ 40 ಪೌಂಡಿನ ಬಿಲ್ಲೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಲ್ಲುಗಾರಿಕೆ

ಮುಂಬಯಿ, ಪುಣೆ, ಗೋವೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಉತ್ತರವೆಲ್ಲ ಬಲಗೈಯವರಿಗೆ ಬರೆದದ್ದು. ಎಡಚರು ಎಡ-ಬಲ ಅದಲುಬದಲು ಮಾಡಿ ಓದಿಕೊಳ್ಳಿ.

ಪ್ರಶ್ನೆ: ಮಗಳಿಗೆ 12 ವರ್ಷ. ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ವಿಶ್ವ ಚಾಂಪಿಯನ್ ಆದ ವಿಡಿಯೊ ನೋಡಿದಾಗಿನಿಂದ ಬಿಲ್ಲು ಬೇಕೆಂದು ಹಟ ಹಿಡಿದಿದ್ದಾಳೆ. ಅಂಗಡಿಯವರು 40 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ತೋರಿಸಿ, ‘ದೊಡ್ಡವಳಾದ ಮೇಲೂ ಇದೇ ಆಗುತ್ತೆ, ಎರಡೆರಡು ಸಲ ಖರ್ಚು ಯಾಕೆ’ ಅನ್ನುತ್ತಾರೆ. ತಗೊಳ್ಳಲೇ?
— ಒಬ್ಬ ತಂದೆ, ಡೊಂಬಿವಲಿ

ಉತ್ತರ: ಬೇಡ. ಶಾಲೆಯ ಯೂನಿಫಾರ್ಮನ್ನು ಒಂದು ಸೈಜು ದೊಡ್ಡದು ಹೊಲಿಸಿ ಮಡಿಚಿ ಹಾಕಿಸಬಹುದು. ಬಿಲ್ಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಪೌಂಡ್ ಎಂದರೆ ಬಿಲ್ಲಿನ ತೂಕವಲ್ಲ, ಹೆದೆಯನ್ನು ಪೂರ್ತಿ ಎಳೆದಾಗ ಬೆರಳುಗಳ ಮೇಲೆ ಬೀಳುವ ಭಾರ. ಲಿಂಬಿನ, ಅಂದರೆ ಬಿಲ್ಲಿನ ಬಾಗುವ ತೋಳಿನ ಮೇಲೆ ಬರೆದಿರುವ ಅಂಕಿ 28 ಇಂಚು ಎಳೆದಾಗಿನದು. ಎಳೆತ ಒಂದು ಇಂಚು ಕಡಿಮೆಯಾದರೆ ಸುಮಾರು 2 ಪೌಂಡ್ ಇಳಿಯುತ್ತದೆ. ಹಗುರ ಬಿಲ್ಲಿನಲ್ಲಿ ಅದಕ್ಕಿಂತ ತುಸು ಕಮ್ಮಿ. ಮಗಳನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿಸಿ, ನಡುಬೆರಳ ತುದಿಯಿಂದ ತುದಿಗೆ ಟೇಪು ಹಿಡಿದು, ಬಂದದ್ದನ್ನು 2.5ರಿಂದ ಭಾಗಿಸಿ. ಅದೇ ಅವಳ ಎಳೆತ. 150 ಸೆಂ.ಮೀ. ಬಂತೆನ್ನಿ, ಎಳೆತ 60 ಸೆಂ.ಮೀ., ಹತ್ತಿರಹತ್ತಿರ 24 ಇಂಚು. ಅಷ್ಟು ಎಳೆದಾಗ 40 ಪೌಂಡಿನ ಬಿಲ್ಲು ಕೊಡುವ ಭಾರ 32 ಪೌಂಡಿನ ಆಸುಪಾಸು, ಅಂದರೆ ಹದಿನಾಲ್ಕು ಕಿಲೊ ದಾಟುತ್ತದೆ. ಅಷ್ಟು ಅಕ್ಕಿಯ ಚೀಲವನ್ನು ಮೂರು ಬೆರಳಲ್ಲಿ ಎಳೆದು ಹಿಡಿದು, ಅಲುಗಾಡದೆ ಗುರಿ ನೋಡು ಎಂದು ಮಗುವಿಗೆ ಹೇಳಿದಂತಾಯಿತು.

ಆಗದ ಭಾರ ಕೊಟ್ಟರೆ ಮೈ ಕಳ್ಳದಾರಿ ಹುಡುಕುತ್ತದೆ. ಬಿಲ್ಲನ್ನು ಆಕಾಶಕ್ಕೆತ್ತಿ ಎಳೆಯುವುದು, ಸೊಂಟದಿಂದ ಹಿಂದಕ್ಕೆ ವಾಲುವುದು, ಎಡಭುಜ ಕಿವಿಯವರೆಗೆ ಏರುವುದು, ಕೈ ಗಲ್ಲ ಮುಟ್ಟುವ ಮೊದಲೇ ಹೆದೆ ಬಿಟ್ಟುಬಿಡುವುದು. ಎರಡು ತಿಂಗಳಲ್ಲಿ ಇದೆಲ್ಲ ಚಟವಾಗಿ ಕೂರುತ್ತದೆ. ಬಿಡಿಸಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಬೇಕು, ಮಧ್ಯೆ ಭುಜದ ನೋವು ಬೇರೆ.

ಅವಳ ಬೆರಳಿಗೆ ಬೀಳುವ ಭಾರ 14ರಿಂದ 16 ಪೌಂಡ್ ಇದ್ದರೆ ಸಾಕು. ಹೊಸದಾಗಿ ಶುರುಮಾಡುವ ದೊಡ್ಡವರಲ್ಲಿ ಹೆಂಗಸರಿಗೆ 16–20, ಗಂಡಸರಿಗೆ 20–24. ಪರೀಕ್ಷೆ ಹೀಗೆ: ಬಾಣ ಹೂಡಿ, ಅದರ ತುದಿಯನ್ನು ಗುರಿಯ ಕಡೆಗೇ ಇಟ್ಟು ಗಲ್ಲದ ಕೆಳಗಿನವರೆಗೆ ಎಳೆದು 10 ಸೆಕೆಂಡ್ ಹಿಡಿಯಬೇಕು, ನಿಧಾನ ಇಳಿಸಬೇಕು. ಹೀಗೆ ಹತ್ತು ಸಲ. ಎಂಟನೆಯದಕ್ಕೆ ಕೈ ನಡುಗಿದರೆ ಬಿಲ್ಲು ಭಾರವಾಯಿತು. ಮುಂದೆ ಏರಿಸುವಾಗಲೂ ಒಮ್ಮೆಗೆ 2 ಪೌಂಡ್ ಮಾತ್ರ.

ಇನ್ನೊಂದು ಮಾತು. ವಿಡಿಯೊದಲ್ಲಿ ಅವಳು ನೋಡಿದ್ದು ಕಾಂಪೌಂಡ್ ಬಿಲ್ಲು, ತುದಿಗಳಲ್ಲಿ ಗಾಲಿಯಂಥ ಕ್ಯಾಮ್ ಇರುವಂಥದು. ಪೂರ್ತಿ ಎಳೆದಾಗ ಅದರ ಭಾರ ಥಟ್ಟನೆ ಇಳಿಯುತ್ತದೆ, ಹೆದೆ ಬಿಡುವುದು ಬೆರಳಲ್ಲ, ಕೈಯಲ್ಲಿ ಹಿಡಿಯುವ ರಿಲೀಸ್ ಎಂಬ ಸಾಧನ. ಅಂಗಡಿಯವರು ತೋರಿಸಿದ ರಿಕರ್ವ್ ಆಟವೇ ಬೇರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿರುವುದರಿಂದ ಈಗ ಎಲ್ಲರಿಗೂ ಅದೇ ಬೇಕು. ಆದರೂ ನಿಲ್ಲುವುದು, ಎಳೆಯುವುದು, ಬಿಡುವುದು ಮೈಗೆ ಹತ್ತಲು ಹಗುರವಾದ ರಿಕರ್ವೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ತರಬೇತಿಯ ಜಾಗದಲ್ಲಿ ಬಿದಿರಿನ ಬಿಲ್ಲಿನ ಇಂಡಿಯನ್ ರೌಂಡ್ ವಿಭಾಗ ಇದ್ದರೆ ಅದೂ ಆದೀತು. ಅದರಲ್ಲಿ ದೂರ 50 ಮತ್ತು 30 ಮೀಟರ್, ಖರ್ಚೂ ಕಡಿಮೆ.

ಮೊದಲ ಮೂರು ತಿಂಗಳು ಬಿಲ್ಲು ಕೊಳ್ಳಲೇಬೇಡಿ, ಕ್ಲಬ್ಬಿನದರಲ್ಲೇ ಕಲಿಯಲಿ. ಸ್ವಂತದ್ದು ಬೇಕಾದವು ಮೂರೇ: ಅವಳ ಬೆರಳಿನ ಅಳತೆಯ ಫಿಂಗರ್ ಟ್ಯಾಬ್ (ಹೆದೆ ಎಳೆಯುವ ಬೆರಳುಗಳ ರಕ್ಷೆ), ಆರ್ಮ್ ಗಾರ್ಡ್, ಚೆಸ್ಟ್ ಗಾರ್ಡ್. ಆಮೇಲೆ ಬಿಚ್ಚಿ ಜೋಡಿಸುವಂಥ 62 ಅಥವಾ 64 ಇಂಚಿನ ಬಿಲ್ಲು, ಸಾಧ್ಯವಾದರೆ ಐಎಲ್‌ಎಫ್ ಎಂಬ, ಬೇರೆ ಬೇರೆ ಕಂಪನಿಯ ಲಿಂಬ್ ಕೂರುವಂಥ ಜೋಡಣೆಯದು. ಆಗ ನಡುವಿನ ಹಿಡಿಯ ಭಾಗವಾದ ರೈಸರ್ ಹಾಗೇ ಉಳಿದು ಲಿಂಬ್ ಮಾತ್ರ ಬದಲಾಗುತ್ತದೆ. ಅಂಗಡಿಯವರು ಹೇಳಿದ ‘ಎರಡೆರಡು ಖರ್ಚಿ’ಗೆ ಇದೇ ಪರಿಹಾರ. ಬಾಣ ಬಿಲ್ಲಿನ ನಂತರವೇ ಕೊಳ್ಳಿ. ಉದ್ದ ಅವಳ ಎಳೆತಕ್ಕಿಂತ 2 ಇಂಚು ಹೆಚ್ಚಿರಲಿ. ಗಿಡ್ಡ ಬಾಣ ಎಳೆಯುವಾಗ ರೆಸ್ಟ್ (ಬಾಣ ಕೂರುವ ಆಸರೆ) ದಾಟಿ ಒಳಗೆ ಜಾರಿದರೆ, ಬಿಟ್ಟಾಗ ಹೋಗುವುದು ಅವಳ ಎಡಗೈಗೆ. ಬಾಣದ ಮೇಲಿನ ಸ್ಪೈನ್ ಅಂಕಿ ದೊಡ್ಡದಾದಷ್ಟೂ ಬಾಣ ಹೆಚ್ಚು ಬಳುಕುತ್ತದೆ. ಇಷ್ಟು ಹಗುರ ಬಿಲ್ಲಿಗೆ 1000ಕ್ಕಿಂತ ಮೇಲಿನದೇ ಬೇಕು. ಪಕ್ಕದ ಮನೆಯಣ್ಣ ಕೊಟ್ಟ 500ರ ಬಾಣ ಬಳುಕದೆ ಎಡಕ್ಕೇ ಹೋಗುತ್ತದೆ.

ಕೊಳ್ಳುವ ಮೊದಲು ಗುರಿ ನೋಡುವಾಗ ಅವಳ ಯಾವ ಕಣ್ಣು ಮುಂದು (ಪ್ರಬಲ) ಎಂದು ನೋಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಎದುರು ಬಿಲ್ಡಿಂಗಿನ ನೀರಿನ ಟಾಕಿ ನೋಡಲಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಟಾಕಿ ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಿನ ಕಣ್ಣು. ಬಲಗೈಯವಳಾಗಿ ಎಡಗಣ್ಣು ಮುಂದಿದ್ದರೆ ತರಬೇತುದಾರರನ್ನು ಕೇಳಿಯೇ ಬಿಲ್ಲಿನ ಕೈ ನಿರ್ಧರಿಸಿ.

ಪ್ರಶ್ನೆ: ಎರಡು ತಿಂಗಳಿಂದ ಕಲಿಯುತ್ತಿದ್ದೇನೆ, 18 ಮೀಟರ್. ಹೆದೆ ಬಡಿದು ಎಡ ಮುಂಗೈ ನೀಲಿಗಟ್ಟಿದೆ. ಬಾಣಗಳೂ ಎಡಕ್ಕೇ ಹೋಗುತ್ತವೆ, ಕೆಲವೊಮ್ಮೆ ಎಳೆಯುವಾಗಲೇ ರೆಸ್ಟಿನಿಂದ ಕೆಳಗೆ ಬೀಳುತ್ತವೆ. ಒಲಿಂಪಿಕ್ಸ್‌ನಲ್ಲಿ ಪ್ರವೀಣ್ ಜಾಧವ್ ಬಿಲ್ಲಿಗಿದ್ದಂಥ ಸ್ಟೆಬಿಲೈಜರ್ (ಬಿಲ್ಲು ಅಲುಗದಂತೆ ಮುಂದೆ ಚಾಚಿರುವ ಕೋಲು) ಹಾಕಿಸಿದರೆ ಸರಿಹೋದೀತೇ?
— ಕಾರ್ಖಾನೆ ನೌಕರ, ಚಿಂಚವಡ

ಉತ್ತರ: ಹೋಗದು. ಸ್ಟೆಬಿಲೈಜರ್ ಹಾಕಿದರೆ ಬಿಲ್ಲಿನ ತೂಕ ಏರಿ ಎಡಭುಜ ಇನ್ನಷ್ಟು ಸೋಲುತ್ತದೆ. ನಿಮ್ಮ ಮೂರೂ ತೊಂದರೆ ಕೈಯಲ್ಲಿವೆ.

ಮೊದಲು ಮುಂಗೈ. ಎಡ ಅಂಗೈಯನ್ನು ಭುಜದ ಎತ್ತರಕ್ಕೆ ಗೋಡೆಗೆ ಒತ್ತಿ. ಅಂಗೈ ಕದಲಿಸದೆ ಮೊಣಕೈಯನ್ನಷ್ಟೇ ತಿರುಗಿಸಿ: ಒಳಮಡಿಕೆ ಮೇಲೆ ಆಕಾಶ ನೋಡುತ್ತಿದ್ದದ್ದು ಪಕ್ಕಕ್ಕೆ, ನಿಮ್ಮ ಬಲಗಡೆಗೆ ತಿರುಗಬೇಕು. ಹಾಗೆ ತಿರುಗಿದಾಗ ಹೆದೆಯ ದಾರಿಯಲ್ಲಿದ್ದ ಮಾಂಸ ಸರಿದುಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಸಲ ಮಾಡಿ, ವಾರದಲ್ಲಿ ಬಿಲ್ಲು ಹಿಡಿದಾಗಲೂ ಬರುತ್ತದೆ. ಬಿಲ್ಲನ್ನು ಬಸ್ಸಿನ ಕಂಬಿ ಹಿಡಿದಂತೆ ಹಿಡಿದಿದ್ದರೂ ಹೆದೆ ಬಡಿಯುತ್ತದೆ. ಹಿಡಿ ಕೂರಬೇಕಾದದ್ದು ಹೆಬ್ಬೆರಳ ಬುಡದ ದಿಂಡಿನ ಮೇಲೆ, ಗೆಣ್ಣುಗಳು ಸುಮಾರು 45 ಡಿಗ್ರಿ ಓರೆ, ಬೆರಳು ಸಡಿಲ. ಬಿಲ್ಲು ಬಿದ್ದೀತೆಂಬ ಭಯವಿದ್ದರೆ ಫಿಂಗರ್ ಸ್ಲಿಂಗ್ ಕಟ್ಟಿಕೊಳ್ಳಿ, ಹಳೆಯ ಶೂ ಲೇಸಾದರೂ ಸಾಕು.

ಹಿಡಿಯ ಅತಿ ಒಳಗಿನ ಜಾಗದಿಂದ ಹೆದೆಗೆ ಎಷ್ಟು ದೂರ ಎಂದೂ ಅಳೆಯಿರಿ. 66–68 ಇಂಚಿನ ಬಿಲ್ಲಿಗೆ ಸುಮಾರು ಎಂಟೂವರೆಯಿಂದ 9 ಇಂಚು ಇರಬೇಕು. ಏಳೂವರೆ ಬಂದರೆ ಹೆದೆ ಹಿಗ್ಗಿದೆ, ಮುಂಗೈಗೆ ಬಡಿಯುವುದು ಸಹಜ. ಹೆದೆ ಇಳಿಸಿ, ಹುರಿ ಇರುವ ದಿಕ್ಕಿಗೇ ಹತ್ತು ಸುತ್ತು ಹುರಿ ಹಾಕಿ ಏರಿಸಿ ಮತ್ತೆ ಅಳೆಯಿರಿ.

ಬಾಣ ಬೀಳುವುದು ಬೆರಳುಗಳು ನಾಕನ್ನು, ಅಂದರೆ ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿಯನ್ನು, ಹಿಸುಕುವುದರಿಂದ. ತೋರುಬೆರಳು ನಾಕಿನ ಮೇಲೆ, ಎರಡು ಕೆಳಗೆ, ಹೆದೆ ಮೊದಲ ಗೆಣ್ಣಿನ ಮಡಿಕೆಯಲ್ಲಿ. ತೋರು-ನಡು ಬೆರಳುಗಳ ನಡುವೆ ಬಾಣಕ್ಕೆ ತಾಗದಷ್ಟು ಸಂದು ಬಿಡಿ. ಎಳೆಯುತ್ತ ಬೆರಳು ಮಡಿಚಿಕೊಂಡರೆ ಹೆದೆ ಹೊರಳುತ್ತದೆ, ಬಾಣದ ತುದಿ ರೆಸ್ಟ್ ಬಿಟ್ಟು ಎಡಕ್ಕೆ ಸರಿಯುತ್ತದೆ. ಅಂಗೈಯ ಹಿಂಭಾಗ ಚಪ್ಪಟೆಯಾಗಿರಲಿ.

ಎಡಕ್ಕೆ ಹೋಗುವುದಕ್ಕೆ ಬಹಳ ಸಲ ಕಾರಣ, ಬಿಡುವಾಗ ಬಲಗೈಯನ್ನು ಮುಖದಿಂದ ಹೊರಕ್ಕೆ ಕಿತ್ತುಕೊಳ್ಳುವುದು, ತಂತಿ ಮೀಟಿದ ಹಾಗೆ. ಬೆರಳು ತೆರೆಯಲು ಹೋಗಬೇಡಿ. ಬೆನ್ನಿನಿಂದ ಎಳೆಯುತ್ತಲೇ ಇದ್ದು ಬೆರಳು ಸಡಿಲಿಸಿದರೆ ಹೆದೆ ತಾನೇ ಹೋಗುತ್ತದೆ, ಕೈ ಕುತ್ತಿಗೆ ಸವರಿಕೊಂಡು ಕಿವಿಯ ಕೆಳಗೆ ಬಂದು ನಿಲ್ಲುತ್ತದೆ. ಹದಿನೈದು ದಿನ ಕಾಗದ ಅಂಟಿಸದ ಖಾಲಿ ಬಟ್ರೆಸ್ಸಿಗೆ (ಗುರಿಯ ಹಿಂದಿನ ಬಾಣ ತಡೆಯುವ ದಪ್ಪ ಹಲಗೆಗೆ) 3–5 ಮೀಟರಿನಿಂದ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಎಳೆದಾದ ಮೇಲೆ ಕಣ್ಣುಮುಚ್ಚಿ ಬಿಡಿ. ಗುರಿಯೇ ಇಲ್ಲದಿದ್ದರೆ ಕೈ ಮೇಲೆ ಗಮನ ಉಳಿಯುತ್ತದೆ. ಆಮೇಲೂ ಬಾಣಗಳೆಲ್ಲ ಒಂದೇ ಹಿಡಿಯಷ್ಟು ಜಾಗದಲ್ಲಿ ಎಡಕ್ಕೆ ಕೂತರೆ ಅದು ಸೈಟಿನ (ಬಿಲ್ಲಿನ ಮೇಲಿನ ಗುರಿ ನೋಡುವ ಸಾಧನದ) ದೋಷ. ಬಾಣ ಹೋದ ಕಡೆಗೇ, ಎಡಕ್ಕೇ, ಸೈಟ್ ಸರಿಸಿ. ಚದುರಿದ್ದರೆ ಸೈಟ್ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಸೊಸೈಟಿಯ ಟೆರೇಸ್ ಖಾಲಿ ಇದೆ. ಥರ್ಮಕೋಲ್ ಇಟ್ಟುಕೊಂಡು 10 ಮೀಟರಿನಲ್ಲಿ ಅಭ್ಯಾಸ ಮಾಡಬಹುದೇ?
— ಕಾಲೇಜು ವಿದ್ಯಾರ್ಥಿ, ಮುಲುಂಡ್

ಉತ್ತರ: ಖಂಡಿತ ಬೇಡ. 20 ಪೌಂಡಿನ ಬಿಲ್ಲಿನ ಬಾಣವೂ ಮೇಲೆತ್ತಿ ಬಿಟ್ಟರೆ 100 ಮೀಟರ್ ದಾಟುತ್ತದೆ. ಥರ್ಮಕೋಲಂತೂ ಬಾಣ ತಡೆಯುವುದಿಲ್ಲ, ತೂರಿಕೊಂಡು ಹೋಗುತ್ತದೆ.

ಮನೆಯಲ್ಲಿ ರಬ್ಬರ್ ಬ್ಯಾಂಡ್ ಹಿಡಿದು ಕನ್ನಡಿ ಮುಂದೆ ಎಳೆಯಿರಿ: ಎಳೆದು 15 ಸೆಕೆಂಡ್ ಹಿಡಿಯುವುದು, 30 ಸೆಕೆಂಡ್ ವಿಶ್ರಾಂತಿ, ಹತ್ತು ಸಲ. ಬಾಣವಿಲ್ಲದೆ ಬಿಲ್ಲೆಳೆಯುವ ಆಟ ಮಾತ್ರ ಬೇಡ. ಹೆದೆ ಜಾರಿದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬಿಗೇ ಹೊಡೆದು ಅದು ಸೀಳುತ್ತದೆ. ಮೈದಾನಕ್ಕೆ ಹೋದ ಮೊದಲ ದಿನ ಸೀಟಿಯ ಲೆಕ್ಕ ಕಲಿಯಿರಿ. ಎರಡಕ್ಕೆ ಗೆರೆಗೆ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಬಾಣ ತರಲು ಹೋಗುವುದು. ಐದು ಅಥವಾ ಹೆಚ್ಚು ಕೇಳಿದರೆ ಎಳೆದಿದ್ದನ್ನೂ ಇಳಿಸಿ ನಿಲ್ಲುವುದು. ಬಾಣ ತರಲು ಓಡಬಾರದು, ಬಟ್ರೆಸ್ಸಿನಿಂದ ಚಾಚಿರುವ ನಾಕುಗಳು ಸರಿಯಾಗಿ ಕಣ್ಣಿನ ಮಟ್ಟಕ್ಕಿರುತ್ತವೆ. ಕೀಳುವಾಗ ಒಂದು ಅಂಗೈ ಕಾಗದಕ್ಕೆ ಒತ್ತಿ, ಇನ್ನೊಂದರಲ್ಲಿ ಬಾಣವನ್ನು ಬುಡದಲ್ಲೇ ಹಿಡಿದು ತಿರುಗಿಸುತ್ತ ಎಳೆಯಿರಿ. ಹಿಂದೆ ಯಾರೂ ನಿಂತಿರಬಾರದು.

ಪ್ರಶ್ನೆ: ಮಳೆಗಾಲ ಬಂತೆಂದರೆ ಬಿಲ್ಲಿಗೆ ಬೂಷ್ಟು, ಬೋಲ್ಟುಗಳಿಗೆ ತುಕ್ಕು. ಏನು ಮಾಡಲಿ?
— ವಾಸ್ಕೊ, ಗೋವಾ

ಉತ್ತರ: ಒದ್ದೆ ಬಿಲ್ಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯುವುದೇ ಮೊದಲ ತಪ್ಪು. ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಗಾಳಿಗೆ ಒಂದು ರಾತ್ರಿ ಬಿಟ್ಟು ಆಮೇಲೆ ಚೀಲಕ್ಕೆ ಹಾಕಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಬೋಲ್ಟು, ಪ್ಲಂಜರಿಗೆ (ಬಾಣದ ಪಕ್ಕ ಒತ್ತುವ ಸ್ಪ್ರಿಂಗ್ ಗುಂಡಿಗೆ) ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಒರೆಸಿ, ಕಡಲ ಗಾಳಿಯ ಉಪ್ಪಿಗೆ ಅಷ್ಟು ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಣಗಿಸುವ ಉಪಾಯ ಬೇಡ. ಬಿಸಿಗೆ ಪದರಗಳ ಅಂಟು ಬಿಟ್ಟು ಲಿಂಬ್ ತಿರುಚಿಕೊಳ್ಳುತ್ತದೆ.

ಹೆದೆಗೆ ವಾರಕ್ಕೊಮ್ಮೆ ಮೇಣ ಹಚ್ಚಿ, ಬೆರಳಿಗೆ ಬಿಸಿ ತಾಗುವವರೆಗೆ ಉಜ್ಜಿ. ನಡುವೆ ನೂಲು ಸುತ್ತಿದ ಭಾಗಕ್ಕೆ ಮೇಣ ಬೇಡ. ಒಂದು ಎಳೆ ಹರಿದಿದ್ದರೂ ಹೆದೆ ಬದಲಾಯಿಸಿ. ಹಕ್ಕಿಗರಿಯ ಬಾಣ ಮಳೆಯಲ್ಲಿ ತೊಯ್ದು ಮಲಗಿಬಿಡುತ್ತದೆ, ಈ ನಾಲ್ಕು ತಿಂಗಳು ಪ್ಲಾಸ್ಟಿಕ್ ಗರಿಯವು ಇರಲಿ. ಬಿದಿರಿನ ಬಿಲ್ಲಾದರೆ ಬಳಸಿದ ಕೂಡಲೇ ಹೆದೆ ಇಳಿಸಲೇಬೇಕು, ಇಲ್ಲವೆಂದರೆ ಬಾಗಿದಂತೆಯೇ ನಿಂತುಹೋಗುತ್ತದೆ. ಹೆದೆ ಏರಿಸಲು, ಇಳಿಸಲು ಸ್ಟ್ರಿಂಗರ್ ಹಗ್ಗ ಬಳಸಿ. ತೊಡೆಗೆ ಆನಿಸಿ ಬಗ್ಗಿಸುವುದರಿಂದಲೇ ಎಷ್ಟೋ ಲಿಂಬ್ ತಿರುಚಿವೆ.

ಪ್ರಶ್ನೆ: ಲೋಕಲ್ ರೈಲಿನಲ್ಲಿ ಬಿಲ್ಲು ಒಯ್ಯುವುದು ಹೇಗೆ?
— ಠಾಣೆ

ಉತ್ತರ: ಬಿಚ್ಚಿ. 25 ಇಂಚಿನ ರೈಸರ್, ಎರಡು ಲಿಂಬ್, ಎಲ್ಲ ಸೇರಿ ಬೆನ್ನಚೀಲದಲ್ಲಿ ಕೂರುತ್ತವೆ. ಲಿಂಬಿಗೆ ಬಟ್ಟೆಯ ಒರೆ ಹಾಕಿ, ಬಾಣಗಳನ್ನು ಮುಚ್ಚಳವಿರುವ ಕೊಳವೆಯಲ್ಲಿ ಇಡಿ. ತೆರೆದ ಬತ್ತಳಿಕೆ ಮೈದಾನಕ್ಕಷ್ಟೇ. ಗದ್ದಲದ ಹೊತ್ತಿನ ಪ್ರಯಾಣದ ನಂತರ ಪ್ರತಿ ಕಾರ್ಬನ್ ಬಾಣವನ್ನೂ ಎರಡು ತುದಿ ಹಿಡಿದು ಮೆಲ್ಲಗೆ ಬಳುಕಿಸಿ, ತಿರುಗಿಸುತ್ತ ಮತ್ತೆ ಬಳುಕಿಸಿ. ಚಟಪಟ ಸದ್ದು ಬಂದರೆ ಅಥವಾ ಸೀಳು ಕಂಡರೆ ಮುರಿದು ಬಿಸಾಡಿ. ಬಿರುಕುಬಿಟ್ಟ ಕಾರ್ಬನ್ ಬಿಡುವಾಗ ಸಿಡಿದು ಚೂರುಗಳು ಎಡಗೈಗೆ ಹೊಗುತ್ತವೆ. ವಿಮಾನದಲ್ಲಾದರೆ ಬಿಲ್ಲು, ಬಾಣ ಎರಡೂ ಚೆಕ್-ಇನ್ ಲಗೇಜಿಗೆ, ಕೈಚೀಲದಲ್ಲಿ ಬಿಡುವುದಿಲ್ಲ.